ಅಳಿಸಿದ ತೊಂಬತ್ತನಾಲ್ಕು ಸಾಲುಗಳು

ಬೆಳಿಗ್ಗೆ ಹತ್ತಕ್ಕೆ ತೆರೆದ ವೆಬ್‌ಸೈಟು ಮಧ್ಯಾಹ್ನ ಮೂರಾದರೂ ಒಮ್ಮೆಯೂ ಮುಗ್ಗರಿಸಲಿಲ್ಲವೆಂದು ತಿಮ್ಮಣ್ಣನವರು ಅಮೀನಗಡದ ಕರದಂಟಿನ ಪೊಟ್ಟಣ ಬಿಚ್ಚಿ ಮೊದಲ ತುಂಡನ್ನು ರೋಹಿಣಿಯ ಕೈಗೇ ಇಟ್ಟರು. ಬೇಡವೆನ್ನುವ ಬಿಗುಮಾನ ಅವಳಿಗೆ ಮೊದಲೇ ಇರಲಿಲ್ಲ. ಅಂದು ಬೇಡವೆನ್ನಲು ಕಾರಣವೂ ಇರಲಿಲ್ಲ. ಎದುರಿನ ಕಂಪ್ಯೂಟರಿನ ಪರದೆಯ ಮೇಲೆ ಒಂದು ಅಂಕಿ ದೊಡ್ಡದಾಗಿ ಕಾಣುತ್ತಿತ್ತು: ಸರಾಸರಿ 1.4 ಸೆಕೆಂಡು. ಅರ್ಜಿ ಹಾಕುವವರು ಗುಂಡಿ ಒತ್ತಿದ ಗಳಿಗೆಯಿಂದ ಉತ್ತರದ ಪುಟ ಕಣ್ಣಿಗೆ ಬೀಳುವವರೆಗೆ ಹಿಡಿಯುವ ಹೊತ್ತು ಅದು. ಮೂರು ವಾರದ ಹಿಂದೆ ಅವಳು ವರದಿಯಲ್ಲಿ ಬರೆದು ಸಹಿ ಹಾಕಿದ್ದ ಅಂಕಿಯೂ ಅದೇ. ಹೇಳಿದ್ದು ಹೇಳಿದ ಹಾಗೆ ಆದರೆ ಯಾರಿಗೆ ತಾನೇ ಹಿಗ್ಗಾಗುವುದಿಲ್ಲ?

ರೋಹಿಣಿ ಇಳಕಲ್ಲಿನ ನೇಕಾರ ಗೋವಿಂದಪ್ಪನ ಎರಡನೆಯ ಮಗಳು. 2007ರ ಆ ಜುಲೈಗೆ ಅವಳಿಗೆ ಇಪ್ಪತ್ತಮೂರು. ಬಿಸಿಎ ಮುಗಿಸಿ, ಬಾಗಲಕೋಟೆಯ ನವನಗರದಲ್ಲಿ ತಿಮ್ಮಣ್ಣನವರು ನಡೆಸುತ್ತಿದ್ದ ಸಣ್ಣ ಕಂಪ್ಯೂಟರ್ ಕಂಪನಿಗೆ ಸೇರಿ ಎರಡು ವರ್ಷವಾಗಿತ್ತು. ಅಲ್ಲಿ ಉಳಿದವರು ವೆಬ್‌ಸೈಟು ಕಟ್ಟುತ್ತಿದ್ದರು, ಇವಳು ಅದು ಎಷ್ಟು ಜನರ ಭಾರ ತಾಳುತ್ತದೆಂದು ನೋಡುತ್ತಿದ್ದಳು. ಭಾನುವಾರ ಊರಿಗೆ ಹೋದಾಗ ಅವ್ವ ನಿನ್ನ ಕೆಲಸ ಏನು ಎಂದು ಕೇಳಿದ್ದಕ್ಕೆ, ನಾವು ಕಟ್ಟಿದ ಬಾಗಿಲಿಗೆ ಮಂದಿಯನ್ನು ನೂಕಿ, ಬಾಗಿಲು ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವುದು ಎಂದಿದ್ದಳು. ಆ ಮಂದಿ ಯಾರು ಎಂದಾಗ, ಮಂದಿ ಇಲ್ಲ, ಒಂದೇ ಕಂಪ್ಯೂಟರು ಇನ್ನೂರು ಮಂದಿಯ ಸೋಗು ಹಾಕುತ್ತದೆ ಎಂದು ಬಿಡಿಸಿ ಹೇಳಿದ್ದಳು. ಮಗಳಿಗೆ ಆಟವಾಡಲು ಪಗಾರ ಕೊಡುತ್ತಾರೆಂದು ಅವ್ವ ಓಣಿಯ ತುಂಬ ಹೇಳಿಕೊಂಡು ಬಂದಿದ್ದಳು.

ಅಂದು ತೆರೆದ ವೆಬ್‌ಸೈಟು ಮಾತ್ರ ಆಟದ್ದಾಗಿರಲಿಲ್ಲ. ಸುತ್ತಲಿನ ಏಳೆಂಟು ಖಾಸಗಿ ನರ್ಸಿಂಗ್ ಶಾಲೆಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದವು. ಆ ವರ್ಷ ಮೊದಲ ಸಲ ಅರ್ಜಿಗಳನ್ನು ಇಂಟರ್ನೆಟ್ಟಿನಲ್ಲೇ ಪಡೆಯುವುದೆಂದು ತೀರ್ಮಾನಿಸಿದ್ದವು. ಒಂದೇ ದಿನ, ಆ ಸೋಮವಾರ, ಹತ್ತರಿಂದ ಐದರವರೆಗೆ. ಅರ್ಹತೆಯಿದ್ದು ಯಾರು ಮೊದಲು ಅರ್ಜಿ ಮುಗಿಸುತ್ತಾರೋ ಅವರಿಗೆ ಸೀಟು. ಅಣೆಕಟ್ಟಿನ ಹಿನ್ನೀರಿಗೆ ಮನೆ ಹೊಲ ಬಿಟ್ಟುಕೊಟ್ಟ ಕುಟುಂಬದ ಮಕ್ಕಳಿಗೆಂದು ನಲವತ್ತು ಸೀಟು ಬೇರೆ ತೆಗೆದಿಟ್ಟಿದ್ದರು. ಅವರು ಅರ್ಜಿಯ ಜೊತೆ ಮುಳುಗಡೆ ಸರ್ಟಿಫಿಕೇಟನ್ನು ಸ್ಕ್ಯಾನ್ ಮಾಡಿಸಿ ಕಳಿಸಬೇಕು. ಐದು ಹೊಡೆದಾಗ ಆ ನಲವತ್ತರಲ್ಲಿ ತುಂಬದೆ ಉಳಿದವು ತಾವಾಗಿಯೇ ಬೇರೆಯವರ ಪಾಲಿಗೆ ಹೋಗಿಬಿಡುತ್ತವೆ. ಪುಟಗಳು ಸರಾಸರಿ ಐದು ಸೆಕೆಂಡಿನೊಳಗೆ ತೆರೆಯಬೇಕು ಎಂಬುದು ಒಕ್ಕೂಟ ಹಾಕಿದ್ದ ಕರಾರು. 1.4 ಎಂದರೆ ಐದರ ಹತ್ತಿರಕ್ಕೂ ಹೋಗಿಲ್ಲ, ಕರದಂಟು ತಿನ್ನಲಿಕ್ಕೆ ಇನ್ನೇನು ಬೇಕು.

ಅದು ಇನ್ನೂ ಬಾಯಲ್ಲಿರುವಾಗಲೇ ಸಾವಂತ್ರವ್ವ ಮೆಟ್ಟಿಲು ಹತ್ತಿ ಬಂದಳು. ದಿನಾ ಬೆಳಿಗ್ಗೆ ಬಂದು ಕಚೇರಿಯ ಕಸ ಹೊಡೆದು ಹೋಗುವ ಹೆಂಗಸು. ಅವಳ ಊರು ನೀರಿನೊಳಗೆ ಹೋಗಿ ಆರು ವರ್ಷವಾಗಿತ್ತು, ಈಗ ಪುನರ್ವಸತಿ ಕೇಂದ್ರದ ಒಂದು ಮನೆಯಲ್ಲಿದ್ದಳು. ಈ ಹೊತ್ತಿನಲ್ಲಿ ಎಂದೂ ಬಂದವಳಲ್ಲ. ಹಿಂದೆ ಮಗಳು ಸುನಿತಾ ನಿಂತಿದ್ದಳು, ಅತ್ತು ಕಣ್ಣು ಊದಿದ್ದವು. ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದಿದ್ದ ಹುಡುಗಿ. ಬೆಳಿಗ್ಗೆ ಒಂಬತ್ತೂವರೆಗೆ ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಸೆಂಟರಿನಲ್ಲಿ ಕುಳಿತವಳು ಐದು ತಾಸು ಗುಂಡಿ ಒತ್ತಿ ಒತ್ತಿ, ಕೊನೆಗೆ ಅಲ್ಲಿಯವರು ಎಬ್ಬಿಸಿ ಕಳಿಸಿದ್ದರು.

"ಅಕ್ಕಾರ, ಚಕ್ರ ತಿರಗತೈತಿ, ನಿಂದರತೈತಿ, ಮತ್ತ ಮೊದಲಿಂದ ಮಾಡು ಅಂತೈತಿ," ಎಂದಳು ಸಾವಂತ್ರವ್ವ. "ಮೂವತ್ತು ಸಲ ಆತ್ರಿ. ನೀವ ಮಾಡಿದ್ದಲ್ಲೇನ್ರಿ ಅದು?"

ಸೆಂಟರಿನವರ ಲೈನು ಸರಿ ಇರಲಿಕ್ಕಿಲ್ಲ ಎಂದು ರೋಹಿಣಿ ಸಮಾಧಾನ ಹೇಳಿದಳು. ಕಂಪ್ಯೂಟರು ಬಲ್ಲವರೆಲ್ಲ ಮೊದಲು ಹೇಳುವ ಮಾತೇ ಅದು. ತಾಯಿ ಮಗಳನ್ನು ಕೂರಿಸಿ, ಸರ್ಟಿಫಿಕೇಟಿನ ಸ್ಕ್ಯಾನನ್ನು ಸುನಿತಾ ತಂದಿದ್ದ ಸಿಡಿಯಿಂದ ತೆಗೆದುಕೊಂಡು, ತಾನೇ ಅರ್ಜಿ ತುಂಬಲು ತೊಡಗಿದಳು. ಹೆಸರು, ಊರು, ಅಂಕಗಳು ಎಲ್ಲ ಕ್ಷಣಮಾತ್ರದಲ್ಲಿ ಮುಗಿದವು. ನೋಡಿದೆಯಾ ಎನ್ನುವ ಹಾಗೆ ಸುನಿತಾಳ ಕಡೆ ತಿರುಗಿ ಕೊನೆಯ ಗುಂಡಿ ಒತ್ತಿದಳು. ಚಕ್ರ ತಿರುಗಿತು. ಗಡಿಯಾರದ ಮುಳ್ಳು ಪೂರ್ತಿ ಒಂದು ಸುತ್ತು ಹಾಕಿತು, ಅರವತ್ತು ಸೆಕೆಂಡಿಗೆ ಪುಟ ಬಿಳುಪಾಗಿ, ಸಂಪರ್ಕ ಕಡಿದಿದೆ, ಮೊದಲಿನಿಂದ ಪ್ರಯತ್ನಿಸಿ ಎಂಬ ಸಾಲು ಮೂಡಿತು. ಮತ್ತೊಮ್ಮೆ ಒತ್ತಿದಳು, ಅದೇ ಆಯಿತು. ಸೈಟು ನಡೆಸುವ ಯಂತ್ರ ಅವಳ ಕುರ್ಚಿಯಿಂದ ಎಂಟು ಹೆಜ್ಜೆ ದೂರದ ಗಾಜಿನ ಕೋಣೆಯಲ್ಲಿತ್ತು. ಲೈನಿನ ಮೇಲೆ ತಪ್ಪು ಹೊರಿಸಲು ಅಲ್ಲಿ ಲೈನೇ ಇರಲಿಲ್ಲ.

ರೋಹಿಣಿ ಎದ್ದು ಹೋಗಿ, ಬೆಳಿಗ್ಗೆಯಿಂದ ಎಷ್ಟು ಅರ್ಜಿ ಮುಗಿದಿವೆ ಎಂಬ ಪಟ್ಟಿ ತೆರೆದಳು. ಸಾಮಾನ್ಯ ಸೀಟುಗಳು ಮುಕ್ಕಾಲು ಪಾಲು ತುಂಬಿದ್ದವು. ಮುಳುಗಡೆಯ ನಲವತ್ತರಲ್ಲಿ ತುಂಬಿದ್ದು ಮೂರು. ಆ ಮೂರೂ ಹತ್ತು ಗಂಟೆ ಎರಡು ನಿಮಿಷದೊಳಗೆ ಬಂದಿದ್ದವು, ಆಮೇಲೆ ಒಂದೂ ಇಲ್ಲ. ಅರ್ಜಿ ಶುರು ಮಾಡಿದವರು ಮಾತ್ರ ಐವತ್ತೆಂಟು ಮಂದಿ. ಅಷ್ಟು ಹೊತ್ತೂ ಪರದೆಯ ಮೇಲಿನ ಸರಾಸರಿ 1.4 ರಿಂದ ಅಲ್ಲಾಡಿರಲಿಲ್ಲ. ಹೇಗೆ ಅಲ್ಲಾಡೀತು? ಪೂರ್ತಿ ತೆರೆದ ಪುಟಗಳ ಹೊತ್ತನ್ನಷ್ಟೇ ಲೆಕ್ಕ ಹಿಡಿ ಎಂದು ಅದಕ್ಕೆ ಹೇಳಿಕೊಟ್ಟವಳು ಅವಳೇ. ಮೇಜಿನ ಮೇಲಿದ್ದ ಕರದಂಟಿನ ಪೊಟ್ಟಣವನ್ನು ಅವಳು ಅತ್ತ ಸರಿಸಿದಳು.

ಆಗ ಮೂರು ವಾರದ ಹಿಂದಿನ ಪರೀಕ್ಷೆ ನೆನಪಾಯಿತು.

ಆ ಪರೀಕ್ಷೆಯಲ್ಲಿ ಎರಡು ಸಾವಿರ ಅರ್ಜಿಗಳನ್ನು ಯಂತ್ರದ ಮೇಲೆ ಹರಿಬಿಟ್ಟಿದ್ದಳು. ನೂರಕ್ಕೆ ಐದರಂತೆ ನೂರು ಅರ್ಜಿಗಳ ಜೊತೆ ಸರ್ಟಿಫಿಕೇಟಿನ ಸ್ಕ್ಯಾನೂ ಇತ್ತು. ಒಂದೊಂದು ಅರ್ಜಿಗೂ ಒಂದೊಂದು ಸಾಲು, ಸಾಲಿನ ಕೊನೆಗೆ ಹಿಡಿದ ಹೊತ್ತು. ಎರಡು ಸಾವಿರದಲ್ಲಿ ತೊಂಬತ್ತನಾಲ್ಕು ಸಾಲುಗಳ ಎದುರು ಹೊತ್ತು ಇರಲಿಲ್ಲ, ಮುಗಿಯಲಿಲ್ಲ ಎಂದಷ್ಟೇ ಇತ್ತು. ಅವನ್ನು ಒಂದೊಂದಾಗಿ ಆರಿಸಿ, ಅಳಿಸಿ, ಉಳಿದ ಸಾವಿರದ ಒಂಬೈನೂರ ಆರರ ಸರಾಸರಿ ತೆಗೆದಿದ್ದಳು. ಕದ್ದು ಮಾಡಿದ್ದಲ್ಲ, ಮೋಸ ಮಾಡಬೇಕೆಂದೂ ಅಲ್ಲ. ಕಸ ಆರಿಸಿದಷ್ಟು ಸಹಜವಾಗಿ, ಹಾಡು ಗುನುಗುತ್ತ ಮಾಡಿದ್ದಳು. ಅದೇ ಈಗ ಅವಳಿಗೆ ನಂಬಲಾಗದ್ದು.

ಆ ಸಹಜತೆ ಅವಳಿಗೆ ಬಂದದ್ದು ಮನೆಯಿಂದ. ಮಗ್ಗದ ಮೇಲಿರುವ ಸೀರೆಯನ್ನು ಗೋವಿಂದಪ್ಪ ಎಂದೂ ಎಣಿಸುತ್ತಿರಲಿಲ್ಲ. ವಾರಕ್ಕೊಮ್ಮೆ ಸೀರೆ ಒಯ್ಯಲು ಬಂದವರು ಎಷ್ಟಾದವು ಎಂದರೆ ಎರಡೂವರೆ ಎನ್ನುವಂತಿಲ್ಲ, ಎರಡು ಎನ್ನಬೇಕು. ಕೊಯ್ದು ಮಡಿಕೆ ಹಾಕಿದ್ದಷ್ಟೇ ಸೀರೆ, ಉಳಿದದ್ದನ್ನು ಬಾಯಿಗೆ ತಂದರೆ ಎಳೆ ಕಡಿಯುತ್ತದೆ ಎಂದು ಮಕ್ಕಳ ಬಾಯಿಯನ್ನೂ ಮುಚ್ಚಿಸುತ್ತಿದ್ದ. ರೋಹಿಣಿ ಏಳನೆಯ ಇಯತ್ತೆಯಲ್ಲಿದ್ದಾಗ ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಹಾಸು ಒಂದು ಸಿಕ್ಕುಬಿದ್ದು, ಇಪ್ಪತ್ತು ದಿನ ಹೆಣಗಿ, ಕೊನೆಗೆ ಅದನ್ನು ಕತ್ತರಿಸಿ ತೆಗೆದಿದ್ದರು. ಆ ಇಪ್ಪತ್ತು ದಿನ ಯಾವ ಎಣಿಕೆಯಲ್ಲೂ ಸೇರಲಿಲ್ಲ. ಮರುದಿನ ಒಬ್ಬರು ಒಂದು ಸೀರೆಗೆ ಎಷ್ಟು ದಿನ ಹಿಡಿಯುತ್ತದೆ ಎಂದಾಗ ಅಪ್ಪ ಯಾವತ್ತಿನ ಹಾಗೆ, ಮೂರು ದಿನ ಎಂದಿದ್ದ. ಬಚ್ಚಲಲ್ಲಿ ಕುಳಿತು ಅತ್ತಿದ್ದ ಅವ್ವನೂ ಹೌದೆಂದಿದ್ದಳು. ಮಗ್ಗದ ಮನೆಗೆ ಅದು ಹೊಂದುವ ಮಾತೇ ಇರಬಹುದು, ಅಲ್ಲಿ ಮುಗಿಯದೆ ಉಳಿದದ್ದು ನೂಲು. ಇಲ್ಲಿ ಮುಗಿಯದೆ ಉಳಿದದ್ದು ಮಂದಿ.

ಅಳಿಸಿದ್ದ ಸಾಲುಗಳ ಮೂಲಪ್ರತಿ ಹಳೆಯ ಸಿಡಿಯೊಂದರಲ್ಲಿತ್ತು. ತೆರೆದಳು. ತೊಂಬತ್ತನಾಲ್ಕಕ್ಕೆ ತೊಂಬತ್ತನಾಲ್ಕೂ ಸರ್ಟಿಫಿಕೇಟಿನ ಸಾಲುಗಳು. ಬೇರೆಯದು ಒಂದಾದರೂ ಇದ್ದೀತೆಂದು ಮೂರು ಸಲ ಹುಡುಕಿದಳು, ಇರಲಿಲ್ಲ. ಸ್ಕ್ಯಾನಿನ ದೊಡ್ಡ ಚಿತ್ರವನ್ನು ಯಂತ್ರ ಕುಗ್ಗಿಸಿ ಇಟ್ಟುಕೊಳ್ಳಬೇಕಿತ್ತು. ಅದನ್ನು ಒಂದಾದ ಮೇಲೆ ಒಂದರಂತೆ ಮಾತ್ರ ಮಾಡುತ್ತಿತ್ತು. ಒಬ್ಬರೇ ಕಳಿಸಿದರೆ ತೊಂದರೆಯಿಲ್ಲ, ಹತ್ತು ಮಂದಿ ಒಟ್ಟಿಗೆ ಕಳಿಸಿದರೆ ಹಿಂದಿನವರೆಲ್ಲ ಕಾಯಬೇಕು. ಅರವತ್ತು ಸೆಕೆಂಡು ಕಾದವರ ಸಂಪರ್ಕ ಕಡಿಯುತ್ತಿತ್ತು, ಆದರೆ ಅವರ ಚಿತ್ರದ ಕೆಲಸವನ್ನು ಯಂತ್ರ ಬಿಡುತ್ತಿರಲಿಲ್ಲ. ಅವರು ಮತ್ತೆ ಕಳಿಸಿದರೆ ಸರದಿ ಇನ್ನೂ ಉದ್ದವಾಗುತ್ತಿತ್ತು. ಸುನಿತಾ ಮೂವತ್ತು ಸಲ ಒತ್ತಿ, ತನ್ನ ಮುಂದೆ ತಾನೇ ಮೂವತ್ತು ಮಂದಿಯಾಗಿ ನಿಂತಿದ್ದಳು.

ತಿಮ್ಮಣ್ಣನವರನ್ನು ಕರೆದು ಎಲ್ಲ ತೋರಿಸಿದಳು. ಅವರು ಕೆಟ್ಟವರಲ್ಲ. ಕಾಲೇಜಿನಲ್ಲಿ ಗಣಿತ ಕಲಿಸಿ ಬಿಟ್ಟು ಬಂದವರು, ಹುಡುಗಿಯ ಮುಖ ನೋಡಿ ಅವರಿಗೆ ಮರುಕವೇ ಆಯಿತು. ಕುರ್ಚಿ ಎಳೆದುಕೊಂಡು ಕುಳಿತು, ತೊಂಬತ್ತನಾಲ್ಕು ಸಾಲುಗಳಿಗೂ ಅರವತ್ತು ಸೆಕೆಂಡು ಹಾಕಿ, ಸರಾಸರಿಯನ್ನು ಹೊಸದಾಗಿ ತೆಗೆದರು.

"ನೋಡವ್ವ, 4.15 ಬಂತು," ಎಂದರು. "ಕರಾರು ಇರೂದು ಐದು. ನೀ ಅಳಿಸಲಿಲ್ಲ ಅಂದ್ರೂ ನಮ್ಮ ಸೈಟು ಪಾಸ್ ಆಗ್ತಿತ್ತು. ನಿನ್ನ ತಪ್ಪು ಎಲ್ಲಿ ಬಂತು?"

ರೋಹಿಣಿ ಆ ಅಂಕಿಯನ್ನೇ ನೋಡಿದಳು. ಅಳಿಸಿದ್ದೇ ತಪ್ಪು ಎಂದುಕೊಂಡಿದ್ದವಳಿಗೆ ಇದು ಅದಕ್ಕಿಂತ ದೊಡ್ಡ ಪೆಟ್ಟು. ಏನನ್ನೂ ಮುಚ್ಚಿಡದೆ ಬರೆದಿದ್ದರೂ ವರದಿ ಪಾಸಾಗುತ್ತಿತ್ತು. ಸಾಲುಗಳನ್ನು ಕಡಿಮೆ ಹೊತ್ತಿನಿಂದ ಹೆಚ್ಚು ಹೊತ್ತಿನವರೆಗೆ, ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ಹಾಗೆ ಜೋಡಿಸಿದಳು. ಒಂದು, ಒಂದೂಕಾಲು, ಒಂದೂವರೆ, ಎರಡು. ಸಾವಿರದ ಒಂಬೈನೂರ ಆರನೆಯ ಸಾಲಿನವರೆಗೆ ಮೂರು ಸೆಕೆಂಡು ದಾಟಿದ್ದು ಬೆರಳೆಣಿಕೆಯಷ್ಟು. ಅದರ ಮರುಸಾಲಿಗೇ ಅರವತ್ತು, ಆಮೇಲೆ ಕೊನೆಯವರೆಗೂ ಅರವತ್ತು. ನಾಲ್ಕು ಸೆಕೆಂಡು ಕಾದವರು ಇಡೀ ಪಟ್ಟಿಯಲ್ಲಿ ಒಬ್ಬರೂ ಇರಲಿಲ್ಲ. ಯಾರೂ ಕಾಯದ ಹೊತ್ತನ್ನು ಎಲ್ಲರ ಹೊತ್ತೆಂದು ಬರೆಯುತ್ತ ಎರಡು ವರ್ಷ ಪಗಾರ ಎಣಿಸಿದ್ದಳು. ನೂರರಲ್ಲಿ ತೊಂಬತ್ತೈದನೆಯವನ ಹೊತ್ತು ಎಷ್ಟು, ತೊಂಬತ್ತಾರನೆಯವನದು ಎಷ್ಟು ಎಂದು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು.

ನಾಲ್ಕಾಗಿತ್ತು. ಐದಕ್ಕೆ ಮೂವತ್ತೇಳು ಸೀಟು ಕೈತಪ್ಪುತ್ತವೆ. ಅದನ್ನು ತಡೆಯಲು ಒಕ್ಕೂಟದ ಕಾರ್ಯದರ್ಶಿಯ ಅಪ್ಪಣೆ ಬೇಕು, ಫೋನು ಮಾಡಿದರೆ ಯಾರೂ ಎತ್ತುತ್ತಿಲ್ಲ. ರೋಹಿಣಿ ತಾಯಿ ಮಗಳನ್ನು ಕರೆದುಕೊಂಡು ರಿಕ್ಷಾ ಹತ್ತಿದಳು.

ಒಕ್ಕೂಟದ ಕಚೇರಿ ಇದ್ದದ್ದು ಹಳೇ ಊರಿನ ಸ್ಟೇಷನ್ ರಸ್ತೆಯಲ್ಲಿ. ಫೋನು ಏಕೆ ಎತ್ತುತ್ತಿರಲಿಲ್ಲ ಎಂಬುದು ಅಂಗಳಕ್ಕೆ ಕಾಲಿಡುತ್ತಲೇ ತಿಳಿಯಿತು. ಸಾವಂತ್ರವ್ವನಂಥ ಹತ್ತು ಹನ್ನೆರಡು ಮಂದಿ ಮಕ್ಕಳೊಂದಿಗೆ ಅಲ್ಲಿ ನೆರೆದಿದ್ದರು. ಕಾರ್ಯದರ್ಶಿ ಲಕ್ಷ್ಮಪ್ಪನವರು ಮೆಟ್ಟಿಲ ಮೇಲೆ ನಿಂತು ಒಂದು ಕಾಗದ ಓದುತ್ತಿದ್ದರು. ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಬರಹದಲ್ಲಿದ್ದುದನ್ನು ನಂಬುವ ಮನುಷ್ಯ. ಸೈಟು ಸರಿಯಿದೆ, ಪರೀಕ್ಷೆ ಮಾಡಿದ ತಜ್ಞರು ಬರೆದು ಕೊಟ್ಟಿದ್ದಾರೆ, ಪುಟ ತೆರೆಯಲು ಒಂದೂವರೆ ಸೆಕೆಂಡು ಕೂಡ ಹಿಡಿಯುವುದಿಲ್ಲ, ನಿಮ್ಮ ಮಕ್ಕಳಿಗೆ ಕಂಪ್ಯೂಟರು ಒತ್ತಲು ಬಾರದಿದ್ದರೆ ಒಕ್ಕೂಟ ಏನು ಮಾಡಲಾದೀತು ಎಂದು ತಾಳ್ಮೆಯಿಂದಲೇ ತಿಳಿಸಿ ಹೇಳುತ್ತಿದ್ದರು. ಅವರ ಕೈಯಲ್ಲಿದ್ದದ್ದು ರೋಹಿಣಿಯ ವರದಿ.

ತಜ್ಞರು! ಆ ಪದ ಕೇಳಿ ಅವಳಿಗೆ ನಾಚಿಕೆಯಾಯಿತು. ತಾನು ಹಾಡು ಗುನುಗುತ್ತ ಬರೆದ ಒಂದು ಅಂಕಿ ಇಷ್ಟು ಜನರ ಬಾಯಿ ಮುಚ್ಚಿಸುತ್ತಿದೆ. ಬೆಳಿಗ್ಗೆಯಿಂದ ಉಪವಾಸ ಕುಳಿತ ತಾಯಂದಿರು ಅದಕ್ಕೆ ಎದುರಾಡಲಾಗದೆ ತಲೆ ತಗ್ಗಿಸಿದ್ದಾರೆ. ಜನರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲ ಬುಡಕ್ಕೆ ಹೋದಳು.

"ಸಾಹೇಬ್ರ, ಆ ವರದಿ ಬರದಾಕಿ ನಾನ್ರಿ," ಎಂದಳು. "ಅದರಾಗ ಇವ್ರು ಯಾರೂ ಇಲ್ಲ. ಒಂದೂವರಿ ಸೆಕೆಂಡು ಅಂದದ್ದು ಒಳಗ ಹೋದವ್ರದ್ದು. ಹೋಗಲಾರದವ್ರನ್ನ ನಾನ ಅಳಿಸಿದ್ನಿ."

ಲಕ್ಷ್ಮಪ್ಪನವರು ಕಾಗದದ ಕೆಳಗಿನ ಸಹಿ ನೋಡಿದರು, ಅವಳನ್ನು ನೋಡಿದರು. ಎಷ್ಟು ಮಂದಿ ಎಂದು ಕೇಳಿದರು. ಐವತ್ತೆಂಟು ಮಂದಿ ಶುರು ಮಾಡಿ ಮೂವರು ಮುಗಿಸಿದ್ದಾರೆ ಎಂದಳು. ಮೂವರೇ ಎಂದು ಮತ್ತೆ ಕೇಳಿದರು. ಹೆಡ್‌ಮಾಸ್ತರಿಕೆಯ ಮೂವತ್ತು ವರ್ಷದಲ್ಲಿ ಐವತ್ತೆಂಟರಲ್ಲಿ ಮೂವರು ಮಾತ್ರ ಪಾಸಾದರೆ ತಪ್ಪು ಮಕ್ಕಳದಲ್ಲ, ಪ್ರಶ್ನೆಪತ್ರಿಕೆಯದು ಎಂಬುದನ್ನು ಅವರು ಬಲ್ಲವರು. ಒಳಗೆ ಹೋಗಿ ತಿಮ್ಮಣ್ಣನವರಿಗೆ ತಾವೇ ಫೋನು ಹಚ್ಚಿದರು. ಐದಕ್ಕೆ ಹನ್ನೊಂದು ನಿಮಿಷವಿದ್ದಾಗ ಸೀಟುಗಳ ವರ್ಗಾವಣೆ ನಿಂತಿತು. ಮುಳುಗಡೆಯ ಮೂವತ್ತೇಳು ಸೀಟಿಗೆ ಗುರುವಾರ ಸಂಜೆ ಐದರವರೆಗೆ ಕಾಗದದ ಅರ್ಜಿ ಕೊಡಬಹುದೆಂದು ಬಾಗಿಲಿಗೆ ನೋಟೀಸು ಬಿತ್ತು. ಮೊದಲ ಅರ್ಜಿ ಸುನಿತಾಳದು.

ಇಲ್ಲಿಗೆ ಕಥೆ ಮುಗಿದಿದ್ದರೆ ರೋಹಿಣಿಗೂ ಸುಖವಾಗುತ್ತಿತ್ತು. ಆದರೆ ಉಳಿದವರಿಗೆ ತಿಳಿಸುವುದು ಹೇಗೆ? ಹೆಸರು, ವಿಳಾಸ, ಫೋನು ನಂಬರನ್ನು ಅರ್ಜಿ ಮುಗಿದ ಮೇಲೆಯೇ ಯಂತ್ರ ಬರೆದಿಟ್ಟುಕೊಳ್ಳುತ್ತಿತ್ತು. ಮುಗಿಯದ ಐವತ್ತೈದು ಮಂದಿಯ ಗುರುತೆಂದರೆ ಬರೀ ಕ್ರಮಸಂಖ್ಯೆ. ವೆಬ್‌ಸೈಟಿನಲ್ಲಿ ನೋಟೀಸು ಹಾಕಿದರು, ಐದು ತಾಸು ಅದರ ಮುಂದೆ ಅತ್ತವರು ಅದನ್ನು ಮತ್ತೆ ತೆರೆದು ನೋಡುತ್ತಾರೆಯೇ? ಬಾದಾಮಿ, ಹುನಗುಂದ, ಇಳಕಲ್ಲಿನ ಇಂಟರ್ನೆಟ್ ಸೆಂಟರುಗಳಿಗೆಲ್ಲ ರೋಹಿಣಿ ಫೋನು ಮಾಡಿ, ಸೋಮವಾರ ಅಳುತ್ತ ಎದ್ದು ಹೋದ ಹುಡುಗ ಹುಡುಗಿಯರು ನೆನಪಿದ್ದರೆ ಹೇಳಿ ಕಳಿಸಿ ಎಂದು ಬೇಡಿಕೊಂಡಳು. ಅಂದು ಅಂಗಳದಲ್ಲಿದ್ದವರೂ ಸೇರಿ ಮಂಗಳವಾರ ಹದಿನಾಲ್ಕು ಮಂದಿ ಅರ್ಜಿ ಕೊಟ್ಟರು, ಬುಧವಾರ ಹನ್ನೊಂದು, ಗುರುವಾರ ನಾಲ್ಕು, ಸುನಿತಾಳೂ ಸೇರಿದರೆ ಮೂವತ್ತು. ಗುರುವಾರ ಐದಕ್ಕೆ ಏಳು ಸೀಟು ಉಳಿದಿದ್ದವು. ಇಪ್ಪತ್ತೈದು ಮಂದಿ ಬಂದಿರಲೇ ಇಲ್ಲ. ಲಕ್ಷ್ಮಪ್ಪನವರು ಅರ್ಧ ತಾಸು ಹೆಚ್ಚಿಗೆ ಬಾಗಿಲು ತೆರೆದಿಡಿಸಿ, ಆಮೇಲೆ ಏಳನ್ನೂ ಬೇರೆಯವರಿಗೆ ಬಿಟ್ಟುಕೊಟ್ಟರು.

ಶುಕ್ರವಾರ ಬೆಳಿಗ್ಗೆ ಮುದಕಪ್ಪ ಎಂಬೊಬ್ಬ ಮನುಷ್ಯ ನವನಗರದ ಕಚೇರಿಯ ಮೆಟ್ಟಿಲು ಹತ್ತಿ ಬಂದು, ಕಂಪ್ಯೂಟರಿನ ಅಕ್ಕಾರು ಯಾರು ಎಂದು ಕೇಳಿದ. ಹುನಗುಂದದ ಕಡೆಯ ಪುನರ್ವಸತಿ ಊರಿನವನು, ಎರಡು ಬಸ್ಸು ಬದಲಿಸಿ ಬಂದಿದ್ದ. ಸುದ್ದಿ ಅವನಿಗೆ ಮುಟ್ಟಿದ್ದು ಹಿಂದಿನ ಸಂಜೆ. ಮೊದಲು ಸ್ಟೇಷನ್ ರಸ್ತೆಗೆ ಹೋಗಿ, ಸೀಟುಗಳು ಮುಗಿದವೆಂದು ತಿಳಿದುಕೊಂಡೇ ಬಂದಿದ್ದ. ಜಗಳಕ್ಕೆ ಬಂದಿದ್ದಾನೆಂದು ರೋಹಿಣಿ ಎದ್ದು ನಿಂತಳು. ಬೈದರೆ ಬೈಸಿಕೊಳ್ಳಲು ತಯಾರಾಗಿಯೇ ನಿಂತಳು.

"ಸೀಟಿಗೆ ಬಂದಿಲ್ಲವ್ವ, ಅದು ಹೋತು," ಎಂದ ಮುದಕಪ್ಪ. "ನನ್ನ ಮಗಳು ಚಂದವ್ವ ಸೋಮವಾರದಿಂದ ಸರಿಯಾಗಿ ಉಂಡಿಲ್ಲ. ನಾ ಯಾವದೋ ಗುಂಡಿ ತಪ್ಪು ಒತ್ತೇನಿ, ಮನಿ ಹೊಲಾ ಕೊಟ್ಟು ಸಿಕ್ಕಿದ್ದನ್ನ ನನ್ನ ಕೈಯಾರ ಕಳದೇನಿ ಅಂತಾಳ. ಯಾವ ಗುಂಡಿ ತಪ್ಪಾತು, ತಿಳಿಸಿ ಹೇಳು. ಮುಂದಿನ ಸಲಕ್ಕ ಕಲೀತಾಳ."

ಉಳಿದವರು ಏಕೆ ಬರಲಿಲ್ಲ ಎಂದು ರೋಹಿಣಿ ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದಳು. ಸುದ್ದಿ ಮುಟ್ಟಲಿಲ್ಲ, ಬಸ್ಸು ಸಿಗಲಿಲ್ಲ ಎಂದೆಲ್ಲ ಲೆಕ್ಕ ಹಾಕಿದ್ದಳು. ತಪ್ಪು ತಮ್ಮದೇ ಎಂದು ಅವರು ಮನೆಯಲ್ಲಿ ಮುಖ ಮುಚ್ಚಿಕೊಂಡು ಕುಳಿತಿರಬಹುದೆಂಬುದು ಅವಳ ಯಾವ ಲೆಕ್ಕದಲ್ಲೂ ಬಂದಿರಲಿಲ್ಲ.

"ಆಕಿ ಏನೂ ತಪ್ಪು ಒತ್ತಿಲ್ಲರಿ ಕಾಕಾ, ತಪ್ಪು ನಂದು," ಎಂದಳು. ಮುದಕಪ್ಪ ಅದನ್ನು ಸಮಾಧಾನದ ಮಾತೆಂದುಕೊಂಡ. ಬಾಯಿಮಾತು ಹೇಳಿದರೆ ಮಗಳು ನಂಬುವುದಿಲ್ಲ, ಏನಾದರೂ ಬರೆದುಕೊಡು ಎಂದ.

ಕಂಪನಿಯ ಹೆಸರಿದ್ದ ಕಾಗದ ತೆಗೆದುಕೊಂಡು ಅವಳು ಬರೆದಳು. ಚಂದವ್ವನ ಅರ್ಜಿಯಲ್ಲಿ ತಪ್ಪಿರಲಿಲ್ಲ. ಅವಳು ಒತ್ತಿದ ಒಂದೊಂದು ಗುಂಡಿಯೂ ಸರಿಯಾದದ್ದೇ. ಯಂತ್ರ ಅದನ್ನು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುವುದಿಲ್ಲವೆಂದು ಪರೀಕ್ಷೆಯಲ್ಲೇ ಕಂಡಿತ್ತು, ಕಂಡದ್ದನ್ನು ನಾನು ಅಳಿಸಿದೆ. ಅಷ್ಟನ್ನು ಬರೆಯಲು ಮೂರು ಕಾಗದ ಹಾಳಾದವು. ತನಗೆ ಓದು ಬಾರದು, ಓದಿ ಹೇಳು ಎಂದ ಮುದಕಪ್ಪ. ಓದಿದಳು. ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದ, ಇದು ಖರೆಯೇ ಎಂದು ಕೇಳಿದ, ಖರೆ ಎಂದಳು. ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಸೇರಿಸಿದ.

"ಅಂದ್ರ ನನ್ನ ಮಗಳು ಎಲ್ಲಾ ಸರೀನ ಒತ್ತಿದ್ಲು," ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮೆಟ್ಟಿಲು ಇಳಿದು ಹೋದ.